ಬೆಂಕಿ ಅಂದ್ರೆ ಸಾಕಾ?

ನಮ್ಮ ಆಫೀಸಿನ ಫೋಟೋ ಗ್ರೂಪಿನಲ್ಲಿ ಯಾರು ಏನೇ ಹಾಕಲಿ, ಬರುವ ಉತ್ತರ ಮೂರೇ: 'ಸೂಪರ್', 'ಬೆಂಕಿ', ಇಲ್ಲಾಂದ್ರೆ ಒಂದು ಚಪ್ಪಾಳೆ. ಹೊಸಕೋಟೆ ಕೆರೆಯ ನೀರು ಒಂದು ಕಡೆ ವಾಲಿಕೊಂಡಿದ್ದರೂ ಬೆಂಕಿ, ಹೆಜ್ಜಾರ್ಲೆಯ ಅರ್ಧ ರೆಕ್ಕೆ ಫ್ರೇಮಿನಿಂದಾಚೆ ಹೋಗಿದ್ದರೂ ಸೂಪರ್. ಸುಳ್ಳು ಯಾಕೆ, ನಾನೂ ಹಾಗೇ ಹಾಕ್ತಿದ್ದೆ.

ಏಪ್ರಿಲ್‌ನ ಒಂದು ಶನಿವಾರ, ಟೀಮಿಗೆ ಹೊಸದಾಗಿ ಬಂದ ಹುಡುಗ ಟಿಟ್ಟಿಭದ ಫೋಟೋ ಹಾಕಿದ. ಕೆರೆಯಂಚಿನ ಒಣ ಬಯಲು, ಹಕ್ಕಿ ಎರಡೂ ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು ನಿಂತಿದೆ. ಕಣ್ಣಿನ ಫೋಕಸ್ ಚೂರೂ ತಪ್ಪಿಲ್ಲ. ಸಾಲಾಗಿ ಬೆಂಕಿ ಬಿತ್ತು. ನಾನು ಬರೆದೆ: 'ಅದು ಪೋಸ್ ಕೊಡ್ತಿಲ್ಲ, ನಿನ್ನನ್ನ ಓಡಿಸ್ತಿದೆ. ಅಲ್ಲೇ ಎಲ್ಲೋ ಮೊಟ್ಟೆ ಇದೆ. ಮೊದಲು ಓದ್ಕೊಂಡು ಆಮೇಲೆ ಕ್ಯಾಮೆರಾ ಹಿಡಿ.'

ವಿಷಯವೇನೋ ಸರಿ. ಟಿಟ್ಟಿಭ ಮೊಟ್ಟೆಯಿಡೋದು ಬರೀ ನೆಲದ ಮೇಲೆ, ಸಾಮಾನ್ಯವಾಗಿ ನಾಲ್ಕು. ಕಲ್ಲಿನ ನಡುವೆ ಕಲ್ಲಿನಂತೆ ಕಾಣುತ್ತವೆ. ಬೇಸಿಗೆಯಲ್ಲಿ ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಅವನ್ನು ತಂಪು ಮಾಡುತ್ತೆ. ನಾವು ಆ್ಯಂಗಲ್‌ಗೆ ಅಂತ ಹತ್ತು ನಿಮಿಷ ಅಲ್ಲೇ ನಿಂತರೆ ಮೊಟ್ಟೆ ಬಿಸಿಲಿಗೆ ಬಿದ್ದಂತೆ. ಕಾಗೆಗೂ ಜಾಗ ತೋರಿಸಿಕೊಟ್ಟಂತೆ. ಸುಮ್ಮನಿರೋ ವಿಷಯ ಅಲ್ಲ ಇದು.

ಆದರೆ ಹುಡುಗ ಫೋಟೋ ಡಿಲೀಟ್ ಮಾಡಿದ. ಮುಂದಿನ ಮೂರು ಶನಿವಾರ 'ಕೆಲಸ ಇದೆ ಅಣ್ಣ'. ಅವನು ಕಲಿತದ್ದು ಟಿಟ್ಟಿಭದ ಬಗ್ಗೆ ಅಲ್ಲ, ನಮಗೆ ಫೋಟೋ ತೋರಿಸಬಾರದು ಅಂತ. ನಾಳೆ ಇನ್ನೊಂದು ಗೂಡಿನ ಹತ್ತಿರ ಹೋದರೂ ನನಗೆ ಗೊತ್ತಾಗಲ್ಲ.

ಕೋಡ್ ರಿವ್ಯೂನಲ್ಲಿ 'ಮೊದಲು ಓದ್ಕೊಂಡು ಬಾ' ಅಂತ ಬರೆದಿದ್ದರೆ ಮ್ಯಾನೇಜರ್ ಅವತ್ತೇ ನನ್ನನ್ನ ಕರೆಸ್ತಿದ್ದರು. ಅಲ್ಲಿ ಯಾವ ಸಾಲು, ಯಾಕೆ ಹೀಗೆ ಅಂತ ಕೇಳ್ತೀವಿ. ಬೆಂಗಳೂರಿನ ಫೋಟೋದವರಿಗೂ ಇದು ಹೊಸದಲ್ಲ. ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿದ್ದು 1971ರಲ್ಲಿ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ಹತ್ತಿರ ಪಳಗಿದವರು ಎಷ್ಟೋ ಜನ, ಅವರೂ ಓ.ಸಿ. ಎಡ್ವರ್ಡ್ಸ್ ಅವರಿಂದ ಕಲಿತವರೇ. ಎದುರಿಗೆ ಕೂತು ಚಿತ್ರ ನೋಡೋ ಕಾಲ ಅದು. ನಮಗೆ ಹೆಬ್ಬೆರಳೇ ಸಾಕಾಗಿದೆ.

ನಾಲ್ಕನೇ ಶನಿವಾರ ನಾನೇ ಅವನ ಪಿಜಿ ಮುಂದೆ ಗಾಡಿ ನಿಲ್ಲಿಸಿದೆ. ಹೊಸಕೋಟೆಯಲ್ಲಿ ಟೀ ಕುಡೀತಾ, 'ಆವತ್ತಿನ ಫೋಟೋ ಎಲ್ಲಾ ಇದೆಯೇನೋ? ಮೊದಲಿಂದ ತೋರಿಸು' ಅಂದೆ. ನಲವತ್ತು ಇದ್ದವು. ಒಂದೊಂದಕ್ಕೂ ಇವನು ಒಂದೊಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಹದಿನೈದನೆಯದರ ಸುಮಾರಿಗೆ ಹಕ್ಕಿ ಕತ್ತು ಎತ್ತಿದೆ. ನಾನು ಬಾಯಿ ಬಿಡೋ ಮೊದಲೇ ಅವನು ಅಂದ: 'ಇಲ್ಲೇ ನಿಲ್ಲಿಸ್ಬೇಕಿತ್ತು, ಅಲ್ವಾ ಅಣ್ಣ?'

ಹದಿನಾಲ್ಕನೆಯದು ನಿಜಕ್ಕೂ ಚೆನ್ನಾಗಿತ್ತು. ಹಕ್ಕಿ ಸಣ್ಣದು, ತನ್ನ ಪಾಡಿಗೆ ನಿಂತಿದೆ, ಹಿಂದೆ ಕೆರೆ, ಎಳೆಬಿಸಿಲು. ಎಡಗಡೆಯ ಕಂಬ ಕತ್ತರಿಸು, ಮುಂದಿನ ಸಲ ಇನ್ನೂ ತಗ್ಗಿ ಕೂತು ತೆಗಿ ಅಂದೆ. ತಲೆಯಾಡಿಸಿದ. ಗ್ಲಾಸ್ ಕೆಳಗಿಟ್ಟು, ಸ್ವಲ್ಪ ತಡೆದು ಕೇಳಿದ: 'ನಿಮ್ಮ ಮಿಂಚುಳ್ಳಿ ಫೋಟೋ ಬಗ್ಗೆ ಒಂದು ಹೇಳ್ಲಾ ಅಣ್ಣ? ಆ ನೀಲಿ ಹಕ್ಕೀದಲ್ಲ, ಪೇಂಟ್ ಡಬ್ಬದ್ದು. ಆವತ್ತು ನಾನೂ ಬೆಂಕಿ ಅಂತ ಹಾಕ್ಬಿಟ್ಟಿದ್ದೆ.'