ಆಟದ ರಣರಂಗದಲ್ಲಿ ಯಂತ್ರಬಂದೂಕು

ಗಣಕಯಂತ್ರದ ಮುಂದೆ ಕುಳಿತೋ, ಮೇಜಿನ ಮೇಲೆ ನಕ್ಷೆ ಹಾಸಿ ದಾಳ ಉರುಳಿಸಿಯೋ ಎರಡು ಮಹಾಯುದ್ಧಗಳನ್ನು ಮತ್ತೆ ಮತ್ತೆ ಹೂಡುವ ತರುಣರು ಇಂದು ಕಡಿಮೆಯಿಲ್ಲ. ಇವು ಬರಿಯ ಗುರಿಯಿಟ್ಟು ಹೊಡೆಯುವ ಆಟಗಳಲ್ಲ. ಚದುರಂಗದಂತೆ ಪಡೆಗಳನ್ನು ನಡೆಸಿ ಎದುರಾಳಿಯ ಎಣಿಕೆಯನ್ನು ಮುರಿಯಬೇಕಾದ ರಣತಂತ್ರದ ಆಟಗಳು. ಇವನ್ನು ಆಡುವವರ ನಡುವೆ ಒಂದು ಹಳೆಯ ಜಗಳವುಂಟು. ಹತ್ತು ಸೈನಿಕರ ತುಕಡಿಯೊಂದು ಬಟ್ಟಬಯಲಿನಲ್ಲಿ ನೂರು ಮೀಟರು ಓಡಿಹೋಗಿ ಎದುರಿನ ಯಂತ್ರಬಂದೂಕನ್ನು, ಎಂದರೆ ಮೆಷಿನ್ ಗನ್ನನ್ನು, ಕೈಬಾಂಬಿನಿಂದ ಹಾಳುಮಾಡಿತೆನ್ನಿ. "ಇದು ಶುದ್ಧ ಸುಳ್ಳು, ಅವರಲ್ಲಿ ಒಬ್ಬನೂ ಉಳಿಯಬಾರದಾಗಿತ್ತು" ಎಂದು ಒಬ್ಬನು ಕೂಗುವನು. ಆಟವನ್ನು ರಚಿಸಿದವರು ಬಂದೂಕಿನ ಬಲವನ್ನು ಏರಿಸಿದರೆ, "ಈಗ ಒಂದೇ ಬಂದೂಕು ಇಡೀ ದಳವನ್ನು ಕೊಯ್ದುಹಾಕುತ್ತಿದೆ, ಇದೇ ಸುಳ್ಳು" ಎಂದು ಮತ್ತೊಬ್ಬನು ಕೂಗುವನು.

ನಮಗೆ ತೋರುವ ಮಟ್ಟಿಗೆ ಇಬ್ಬರ ಪ್ರಶ್ನೆಯೂ ಸರಿಯಿಲ್ಲ. ಎಷ್ಟು ಜನ ಸಾಯಬೇಕೆಂಬುದು ಲೆಕ್ಕದ ಕೊನೆಯಲ್ಲಿ ಬರಬೇಕಾದ ಉತ್ತರ. ಆ ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಬಲವನ್ನು ಏರಿಸಿ ಇಳಿಸುತ್ತ ಹೋಗುವುದು, ಪುಸ್ತಕದ ಹಿಂಬದಿಯನ್ನು ನೋಡಿಕೊಂಡು ಗಣಿತದ ಹಂತಗಳನ್ನು ಬರೆಯುವ ವಿದ್ಯಾರ್ಥಿಯ ಕೆಲಸದಂತೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರವು ನಿಜವಾಗಿ ಮಾಡುವ ಕೆಲಸವೇನು, ಅದನ್ನು ತಡೆಯುವುದೇನು?

ಮೊದಲು ವೇಗದ ಮಾತನ್ನು ತೆಗೆದುಕೊಳ್ಳೋಣ. ಜರ್ಮನರ ಎಂ.ಜಿ. 42 ನಿಮಿಷಕ್ಕೆ ಸುಮಾರು 1200 ಗುಂಡುಗಳನ್ನು ಹಾರಿಸಬಲ್ಲದೆಂಬುದು ಆಟಗಾರರಿಗೆಲ್ಲ ಬಾಯಿಪಾಠ. ಆದರೆ ಅದರ ಒಂದು ತೋಟಾ ಸುಮಾರು 26 ಗ್ರಾಂ ತೂಗುವುದು. 1200 ತೋಟಾಗಳ ತೂಕ 31 ಕಿಲೋಗ್ರಾಂ. ಒಂದು ನಿಮಿಷದ ಗುಂಡಿನ ಮಳೆಗೆ ಒಬ್ಬ ಕೂಲಿಯಾಳು ಹೊರುವಷ್ಟು ಹೊರೆ ಬೇಕಾಯಿತಲ್ಲವೆ? ಅದನ್ನು ಹೊತ್ತು ತಂದವರು ಯಾರು? ಅನೇಕ ಆಟಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿನ ತೋಟಾಗಳು ದ್ರೌಪದಿಯ ಅಕ್ಷಯಪಾತ್ರೆಯಿಂದ ಬರುತ್ತವೆ. ನಿಮಿಷಕ್ಕೆ 1200 ಎಂಬುದು ಯಂತ್ರದ ಒಳಗಿನ ಬಡಿತದ ವೇಗವೇ ಹೊರತು ರಣರಂಗದಲ್ಲಿ ನಿಮಿಷವೊಂದರಲ್ಲಿ ಹಾರುವ ಗುಂಡುಗಳ ಸಂಖ್ಯೆಯಲ್ಲ. ಕೆಲವೇ ಗುಂಡುಗಳ ಒಂದು ಸರಣಿ, ಒಂದಿಷ್ಟು ಬಿಡುವು, ಮತ್ತೊಂದು ಸರಣಿ: ತರಬೇತಾದ ಗೋಲಂದಾಜನು ಹೊಡೆಯುವ ಕ್ರಮವಿದು.

ತೋಟಾಗಳ ಕೊರತೆಗಿಂತಲೂ ದೊಡ್ಡ ತಡೆ ಉಷ್ಣ. ಇದಕ್ಕೆ ಬ್ರಿಟಿಷ್ ಸೈನ್ಯವು 1912ರಲ್ಲಿ ಸ್ವೀಕರಿಸಿದ ವಿಕರ್ಸ್ ಬಂದೂಕು ಒಳ್ಳೆಯ ಉದಾಹರಣೆ. ಅದರ ನಳಿಗೆಯ ಸುತ್ತ ಲೋಹದ ಹೊದಿಕೆಯೊಂದಿದ್ದು, ಅದರಲ್ಲಿ ಸುಮಾರು 4 ಲೀಟರು ನೀರು ಹಿಡಿಯುತ್ತಿದ್ದಿತು. ನಿಮಿಷಕ್ಕೆ 200 ಗುಂಡುಗಳಂತೆ ಹೊಡೆದರೆ ಸುಮಾರು ಮೂರು ನಿಮಿಷಗಳಲ್ಲಿ, ಎಂದರೆ 600 ಗುಂಡುಗಳಲ್ಲಿ, ಆ ನೀರು ಕುದಿಯತೊಡಗುವುದು. ಈ ಒಂದು ಸಂಗತಿಯಿಂದ ಏನೇನನ್ನು ತಿಳಿಯಬಹುದೆಂದು ನೋಡೋಣ. 4 ಕಿಲೋಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್ಸಿಗೆ ಏರಿಸಲು ಬೇಕಾದ ಶಾಖ ಸುಮಾರು 1250 ಕಿಲೋಜೂಲ್. ಅದನ್ನು 600ರಿಂದ ಭಾಗಿಸಿದರೆ ಗುಂಡೊಂದಕ್ಕೆ ಸುಮಾರು 2.1 ಕಿಲೋಜೂಲ್ ಆಯಿತು. ಆ ಗುಂಡಿನ ತೂಕ 11.3 ಗ್ರಾಂ, ಬಾಯಿಂದ ಹೊರಡುವ ವೇಗ ಸೆಕೆಂಡಿಗೆ 744 ಮೀಟರು. ಆದುದರಿಂದ ಅದರ ಚಲನಶಕ್ತಿ ಸುಮಾರು 3.1 ಕಿಲೋಜೂಲ್. ಗುಂಡು ಒಯ್ಯುವ ಶಕ್ತಿಯ ಮೂರರಲ್ಲಿ ಎರಡು ಪಾಲಿನಷ್ಟು ಶಕ್ತಿ ನೀರು ಕಾಯಿಸುವುದರಲ್ಲಿಯೇ ಹೋಯಿತು! ಯಂತ್ರಬಂದೂಕೆಂಬುದು ಮೊದಲು ಒಂದು ಉಷ್ಣಯಂತ್ರ, ಆಮೇಲೆ ಬಂದೂಕು.

ಕುದಿಯತೊಡಗಿದ ಮೇಲೆ ನೀರಿನ ಗುಪ್ತೋಷ್ಣ ನೆರವಿಗೆ ಬರುವುದು. ಒಂದು ಲೀಟರು ನೀರು ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕಾದುದರಿಂದ, ಇನ್ನೊಂದು ಸಾವಿರ ಗುಂಡುಗಳಿಗೆ ಲೀಟರು ನೀರು ಸಾಕು. ಹೊರಬರುವ ಆವಿಯನ್ನು ಸೈನಿಕರು ರಬ್ಬರು ಕೊಳವೆಯ ಮೂಲಕ ನೀರಿನ ಡಬ್ಬಿಯೊಂದಕ್ಕೆ ಹಾಯಿಸುತ್ತಿದ್ದರು. ಅಲ್ಲಿ ಅದು ಮತ್ತೆ ನೀರಾಗುವುದು. ಆವಿಯ ಮೋಡವನ್ನು ಕಂಡು ಶತ್ರುವು ಬಂದೂಕಿನ ಜಾಗವನ್ನು ಗುರುತಿಸುವ ಅಪಾಯವೂ ತಪ್ಪುವುದು. ತರಗತಿಯಲ್ಲಿ ಗುಪ್ತೋಷ್ಣದ ಪಾಠಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ನಮಗೆ ದೊರೆತಿಲ್ಲ.

ನೀರಿನ ಹೊದಿಕೆಯಿಲ್ಲದ ಬಂದೂಕುಗಳ ಪಾಡೇನು? ಭಾರತೀಯ ಸೈನ್ಯದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಬ್ರೆನ್ ಬಂದೂಕಿನ ನಳಿಗೆಯನ್ನು ಸುಮಾರು 3 ಕಿಲೋಗ್ರಾಂ ಉಕ್ಕೆಂದು ಇಟ್ಟುಕೊಳ್ಳೋಣ. ಅದೂ ಅದೇ ತೋಟಾವನ್ನು ಬಳಸುತ್ತಿದ್ದಿತು. ಎಡೆಬಿಡದೆ 300 ಗುಂಡುಗಳನ್ನು ಹಾರಿಸಿದರೆ, ಗಾಳಿಗೆ ಹೋಗುವ ಶಾಖವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ನಳಿಗೆಯ ಉಷ್ಣತೆ 450 ಡಿಗ್ರಿಗಳಷ್ಟು ಏರುವುದು. ಆದುದರಿಂದಲೇ ಬ್ರೆನ್ನಿಗೂ ಎಂ.ಜಿ. 42ಕ್ಕೂ ಬದಲಿ ನಳಿಗೆಗಳಿದ್ದವು. ಕೆಲವೇ ಸೆಕೆಂಡುಗಳಲ್ಲಿ ಬದಲಾಯಿಸುವ ಏರ್ಪಾಡೂ ಇದ್ದಿತು. ಆ ಕೆಲವು ಸೆಕೆಂಡುಗಳ ಮೌನಕ್ಕಾಗಿ ಎದುರಿನವರು ಕಾದಿರುತ್ತಿದ್ದರು. ಆಟವೊಂದರಲ್ಲಿ ಆ ಮೌನವೇ ಇಲ್ಲದಿದ್ದರೆ, ಆಟಗಾರನಿಗೆ ತುಕಡಿಯನ್ನು ಎಬ್ಬಿಸಿ ಓಡಿಸುವ ಗಳಿಗೆಯನ್ನು ಆರಿಸುವ ಕಲೆಯೂ ಇಲ್ಲ.

ಇನ್ನು ನೆಲದ ವಿಚಾರ. ಯಂತ್ರಬಂದೂಕು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಆರಿಸಿ ಹೊಡೆಯುವುದೆಂಬುದು ಆಟಗಳಲ್ಲಿ ತೀರ ಸಾಮಾನ್ಯವಾದ ಭ್ರಮೆ. ವಾಸ್ತವವಾಗಿ ಅದು ಹೊಡೆಯುವುದು ಒಂದು ಪಟ್ಟಿ ನೆಲವನ್ನು. ಸೆಕೆಂಡಿಗೆ 744 ಮೀಟರು ವೇಗದ ಗುಂಡು 600 ಮೀಟರು ದೂರದಲ್ಲಿ ಬೀಳಬೇಕಾದರೆ ನಳಿಗೆಯನ್ನು ಎಷ್ಟು ಮೇಲಕ್ಕೆತ್ತಬೇಕು? ಗಾಳಿಯ ತಡೆಯಿಲ್ಲವೆಂದು ಭಾವಿಸಿದರೆ ಒಂದು ಡಿಗ್ರಿಯ ಮೂರನೆಯ ಒಂದು ಪಾಲೂ ಬೇಡ. ದಾರಿಯ ನಡುವೆ ಗುಂಡು ಏರುವ ಅತ್ಯಂತ ಹೆಚ್ಚಿನ ಎತ್ತರ ಸುಮಾರು 80 ಸೆಂಟಿಮೀಟರು! ಗಾಳಿಯ ತಡೆಯನ್ನು ಸೇರಿಸಿದರೆ ಎತ್ತರ ಇನ್ನಷ್ಟು ಹೆಚ್ಚುವುದು ನಿಜ. ಆದರೂ ನಿಂತ ಆಳಿನ ಎತ್ತರವನ್ನು ಮೀರುವುದಿಲ್ಲ. ಎಂದರೆ ಸಮತಟ್ಟಾದ ಬಯಲಿನಲ್ಲಿ ಬಂದೂಕಿನಿಂದ 600 ಮೀಟರಿನವರೆಗೆ, ಗುಂಡಿನ ದಾರಿಯಲ್ಲಿ ನಿಂತವನು ಎಲ್ಲಿ ನಿಂತಿದ್ದರೂ ಅವನಿಗೆ ತಪ್ಪಿದ್ದಲ್ಲ. ಒಂದೇ ಗುರಿಗೆ ಹಾರಿಸಿದ ಗುಂಡುಗಳೆಲ್ಲ ಒಂದೇ ಬಿಂದುವಿನಲ್ಲಿ ಬೀಳುವುದೂ ಇಲ್ಲ. ಬಂದೂಕಿನ ಅದಿರಾಟದಿಂದ ಚದರಿ, ನೆಲದ ಮೇಲೆ ಸೌತೆಕಾಯಿಯ ಆಕಾರದ ಉದ್ದನೆಯ ಕಿರಿದಾದ ಜಾಗವನ್ನು ಆವರಿಸುವವು.

ಈ ಆಕಾರವನ್ನು ಅರಿತವನು ಬಂದೂಕನ್ನು ಎದುರಿಗೆ ಇಡಲಾರನು, ಪಕ್ಕಕ್ಕೆ ಇಡುವನು. ಸಾಲಾಗಿ ಮುಂಬರಿಯುವ ಸೈನ್ಯವನ್ನು ಎದುರಿನಿಂದ ಹೊಡೆದರೆ ಆ ಉದ್ದನೆಯ ಜಾಗದಲ್ಲಿ ಸಿಕ್ಕುವವರು ಒಬ್ಬಿಬ್ಬರು. ಪಕ್ಕದಿಂದ ಹೊಡೆದರೆ ಸಾಲಿಗೆ ಸಾಲೇ ಅದರೊಳಗೆ ಬರುವುದು. ಆಟವು ಬಂದೂಕಿಗೆ "ಎದುರಿಗಿರುವ ಹತ್ತಿರದ ಶತ್ರುವನ್ನು ಹೊಡೆ" ಎಂಬ ಒಂದೇ ಆಜ್ಞೆಯನ್ನು ಕೊಟ್ಟಿದ್ದರೆ, ಬಲವನ್ನು ಎಷ್ಟು ಏರಿಸಿದರೇನು? ಅದು ಚುರುಕಾದ ಬಂದೂಕುಧಾರಿಯೊಬ್ಬನಾಗಿ ಉಳಿಯುವುದೇ ಹೊರತು ಯಂತ್ರಬಂದೂಕಾಗುವುದಿಲ್ಲ.

ಮೂರನೆಯದು ಭಯ. ಇದು ಭೌತಶಾಸ್ತ್ರದ ಎಲ್ಲೆಯಾಚೆಗಿನದೆಂದು ಕೆಲವರು ಹೇಳಿಯಾರು. ಪೂರ್ತಿ ಹಾಗೇನೂ ಅಲ್ಲ. ಗುಂಡು ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹೊರಡುವುದರಿಂದ ಬಂದೂಕಿನ ಸದ್ದು ಕಿವಿಗೆ ಮುಟ್ಟುವ ಮೊದಲೇ ಗುಂಡಿನ ಆಘಾತತರಂಗ ತಲೆಯ ಪಕ್ಕದಲ್ಲಿ ಚಟೀರೆಂದು ಸಿಡಿಯುವುದು. ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಮನುಷ್ಯನು ನೆಲಕ್ಕೆ ಒರಗುವನು. ಬಂದೂಕಿನ ಕೆಲಸ ಅಲ್ಲಿಗೆ ಮುಗಿಯಿತು. ಒಬ್ಬನಿಗೂ ಗಾಯವಾಗದೆ ಮೂವತ್ತು ಜನರ ಮುನ್ನಡೆ ನಿಂತಿತು. ಸತ್ತವರನ್ನು ಮಾತ್ರ ಎಣಿಸುವ ಆಟಗಾರನು ಈ ಬಂದೂಕು ಕೆಲಸಕ್ಕೆ ಬಾರದೆನ್ನುವನು.

ಈ ವಿಷಯದಲ್ಲಿ ಗಣಕಯಂತ್ರದ ಆಟಗಳಿಗಿಂತ ರಟ್ಟಿನ ಆಟಗಳು ಮೊದಲೇ ಜಾಣತನ ತೋರಿದವೆಂದು ಒಪ್ಪಬೇಕು. ಜಾನ್ ಹಿಲ್ ಎಂಬವರು ರಚಿಸಿ 1977ರಲ್ಲಿ ಹೊರಬಂದ 'ಸ್ಕ್ವಾಡ್ ಲೀಡರ್' ಆಟದಲ್ಲಿ ಗುಂಡಿಗೆ ಸಿಕ್ಕಿದ ತುಕಡಿಯ ಧೈರ್ಯವನ್ನು ಎರಡು ದಾಳಗಳಿಂದ ಪರೀಕ್ಷಿಸುವ ನಿಯಮವಿದೆ. 1985ರಲ್ಲಿ ಅದು ವಿಸ್ತಾರಗೊಂಡಾಗ ಗುಂಡು ಹರಿಯುವ ನೆಲದ ಪಟ್ಟಿಯನ್ನೇ ನಕ್ಷೆಯ ಮೇಲೆ ಗುರುತಿಸುವ ನಿಯಮವೂ ಬಂತು. ಅದರಲ್ಲಿ ಸಾಮಾನ್ಯವಾಗಿ ದಾಳಗಳಲ್ಲಿ 12 ಬಿದ್ದರೆ ಬಂದೂಕು ಕೆಡುವುದು, ಎಂದರೆ ಮೂವತ್ತಾರಕ್ಕೆ ಒಂದು ಸಂಭವ. ಮಿತಿಮೀರಿ ಹೊಡೆಸಿದರೆ ಆ ಅಪಾಯ ಏರುವುದು. ನಮ್ಮ ಆಕ್ಷೇಪಣೆ ಇಷ್ಟೆ: ಸರದಿ ಮುಗಿದೊಡನೆ ನಳಿಗೆ ಪೂರ್ತಿ ತಣ್ಣಗಾಯಿತೆಂದೇ ಆ ಆಟ ನಂಬುವುದು. ಉಕ್ಕಿಗೆ ಅಷ್ಟು ಮರೆವಿಲ್ಲ.

2006ರ 'ಕಂಪನಿ ಆಫ್ ಹೀರೋಸ್' ಎಂಬ ಗಣಕಯಂತ್ರದ ಆಟದಲ್ಲಿ ಬಂದೂಕಿಗೆ ಮುಖದ ದಿಕ್ಕುಂಟು. ಹೂಡಲು ಸಮಯ ಬೇಕು. ಎದುರಿನವರು ತಲೆತಗ್ಗಿಸಿ ತೆವಳುವರು. ಮೆಚ್ಚತಕ್ಕದ್ದೇ. ಆದರೆ ತೋಟಾ ಎಂದಿಗೂ ಮುಗಿಯುವುದಿಲ್ಲ. ನೂರಾರು ಮೀಟರುಗಳ ಬಯಲು ಅಂಗಳದಷ್ಟಾಗಿ ಕುಗ್ಗಿದೆ. 'ಕಂಬ್ಯಾಟ್ ಮಿಷನ್' ಸರಣಿಯು 2007ರಿಂದ ಪ್ರತಿಯೊಂದು ಗುಂಡಿನ ಪಥವನ್ನೂ ಬೇರೆಬೇರೆಯಾಗಿ ಗಣಿಸತೊಡಗಿತು. ಸೊಗಸಾದ ಸಾಹಸ. ಆದರೆ ಗುಂಡಿನ ಪಥ ಎಷ್ಟೇ ನಿಖರವಾಗಿದ್ದರೂ, ಆ ಗುಂಡಿನ ಎದುರಿನ ಸೈನಿಕನು ಯಾವಾಗ ಮಲಗುವನು, ಮಲಗಿದವನು ಯಾವಾಗ ಏಳುವನು ಎಂಬ ನಿಯಮ ತಪ್ಪಿದ್ದರೆ ಇಡೀ ಲೆಕ್ಕ ತಪ್ಪುವುದು.

ಆಟಕ್ಕೆ ಇಷ್ಟೆಲ್ಲ ಗಾಂಭೀರ್ಯ ಬೇಕೆ ಎಂದು ಕೇಳುವವರಿಗೆ ನಾವು ಎರಡು ಸಂಗತಿಗಳನ್ನು ನೆನಪಿಸುತ್ತೇವೆ. ದಾಳ ಮತ್ತು ಕೋಷ್ಟಕಗಳ ಸಮರಕ್ರೀಡೆಯನ್ನು ಪ್ರಷ್ಯದ ಅಧಿಕಾರಿ ರೈಸ್ವಿಟ್ಜ್ 1824ರಲ್ಲಿ ಪ್ರಕಟಿಸಿದುದು ಮನರಂಜನೆಗೆಂದಲ್ಲ, ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆ. ಕೋಷ್ಟಕದಲ್ಲಿ ಬರೆದುದನ್ನೇ ಆಡುವವನ ಮನಸ್ಸು ಲೋಕವೆಂದು ಕಲಿಯುವುದು. ಎರಡನೆಯದಾಗಿ, 1914ರಲ್ಲಿ ಬ್ರಿಟಿಷ್ ಪದಾತಿ ದಳವೊಂದಕ್ಕೆ, ಎಂದರೆ ಸುಮಾರು ಸಾವಿರ ಜನಕ್ಕೆ, ಇದ್ದ ಯಂತ್ರಬಂದೂಕುಗಳು ಎರಡೇ ಎರಡು. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ನದಿಯ ಪ್ರದೇಶದಲ್ಲಿ ಮುನ್ನಡೆದ ಬ್ರಿಟಿಷ್ ಸೈನ್ಯಕ್ಕೆ ಆ ಒಂದೇ ದಿನದಲ್ಲಿ ಆದ ನಷ್ಟ 57,470. ಅವರಲ್ಲಿ ಸತ್ತವರು 19,240. ಫಿರಂಗಿಗಳ ಪಾಲೂ, ಮುಳ್ಳುತಂತಿಯ ಪಾಲೂ ಇದರಲ್ಲಿ ಉಂಟು. ಆದರೂ ಯಂತ್ರಬಂದೂಕುಗಳ ಮುಂದೆ ಅನೇಕ ದಳಗಳು ಹೊರೆ ಹೊತ್ತು ನಡಿಗೆಯ ವೇಗದಲ್ಲಿ ಸಾಗಿದವೆಂಬುದನ್ನು ಮರೆಯುವಂತಿಲ್ಲ. ಧೈರ್ಯವೊಂದಿದ್ದರೆ ಬಂದೂಕನ್ನು ಮುಟ್ಟಬಹುದೆಂದು ಹದಿನಾರು ವರ್ಷದ ಹುಡುಗನಿಗೆ ಕಲಿಸುವ ಆಟವು ನಮಗೆ ಬೇಸರ ತರುವುದು ಈ ಕಾರಣದಿಂದ. ತೋಟಾಗಳ ಲೆಕ್ಕ, ನಳಿಗೆಯ ಉಷ್ಣತೆ, ನೆಲದ ಮೇಲೊಂದು ಪಟ್ಟಿ: ಇಷ್ಟನ್ನು ನೆನಪಿಡಲು ಇಂದಿನ ಗಣಕಯಂತ್ರಕ್ಕೆ ಯಾವ ಶ್ರಮವೂ ಇಲ್ಲ, ಆಟದ ಸ್ವಾರಸ್ಯಕ್ಕೆ ಇದರಿಂದ ಕುಂದೂ ಬಾರದು.

ಹಾಗೆಂದು ಯಂತ್ರಬಂದೂಕನ್ನು ಅಜೇಯವನ್ನಾಗಿ ಮಾಡಿದರೆ ಅದೂ ಸುಳ್ಳೇ. ಇದಕ್ಕೆ ಸಾಕ್ಷಿ ನಮ್ಮ ನಾಡಿನವರೇ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ ಪಡೆಗಳು ಹಿಡಿದುವಷ್ಟೆ. ಈಟಿ ಹಿಡಿದ ಕುದುರೆ ಸವಾರರು, ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಯಂತ್ರಬಂದೂಕುಗಳು! ಮೈಸೂರಿನವರ ಒಂದು ತಂಡ ಬೆಟ್ಟವನ್ನೇರಿತು. ಇತರರು ತಮ್ಮ ಯಂತ್ರಬಂದೂಕುಗಳಿಂದ ಶತ್ರುವನ್ನು ತಡೆಹಿಡಿದರು. ಜೋಧಪುರದವರು ಬಂದೂಕುಗಳ ಮೇಲೆ ನುಗ್ಗಿದರು. ಸೈನಿಕರಲ್ಲಿ ಸತ್ತವರು 8, ಗಾಯಗೊಂಡವರು 34. ಸೆರೆಯಾದ ಶತ್ರುಗಳು ಸುಮಾರು 1350.

ಸೊಮ್ ಮತ್ತು ಹೈಫ ಎರಡನ್ನೂ ಒಂದೇ ನಿಯಮಗಳಿಂದ ಹೊರಡಿಸಬಲ್ಲ ಆಟವನ್ನು ನಾವು ಸತ್ಯವಾದ ಆಟವೆನ್ನುತ್ತೇವೆ. ಅದು ಅಸಾಧ್ಯವೇನಲ್ಲ. 600 ಮೀಟರನ್ನು ಸೆಕೆಂಡಿಗೆ ಒಂದೂವರೆ ಮೀಟರಿನಂತೆ ನಡೆಯುವವನು ಸುಮಾರು ಏಳು ನಿಮಿಷ ಗುಂಡಿನ ಪಟ್ಟಿಯಲ್ಲಿರುವನು. ನಾಗಾಲೋಟದ ಕುದುರೆಗೆ ಒಂದು ನಿಮಿಷ ಸಾಕು. ನಿಮಿಷಕ್ಕೆ 200 ಗುಂಡುಗಳೆಂದರೆ ಮೊದಲನೆಯವನ ಪಾಲಿಗೆ 1300ಕ್ಕೂ ಹೆಚ್ಚು, ಎರಡನೆಯವನ ಪಾಲಿಗೆ 200. ಹೈಫದಲ್ಲಿ ದಾರಿಗೆ ಅಡ್ಡವಾಗಿ ಸೊಮ್ ಪ್ರದೇಶದಂತಹ ಮುಳ್ಳುತಂತಿಯ ಸಾಲುಗಳಿರಲಿಲ್ಲ. ಹಲವು ಕಡೆಗಳಿಂದ ಒಮ್ಮೆಗೇ ಬಂದ ದಾಳಿಗೆ ಬಂದೂಕುಗಳ ಗಮನ ಹಂಚಿಹೋಗಿದ್ದಿತು. ಆ ಗುಂಡುಗಳೆಲ್ಲ ಎಲ್ಲಿಗೆ ಹೋದವೆಂದು ಕೇಳುವ ವಿದ್ಯಾರ್ಥಿಯು ಅಂದಿನ ಪಟ್ಟಿಯಲ್ಲಿ ಇನ್ನೊಂದು ಸಾಲನ್ನೂ ಓದಬೇಕು: ಕುದುರೆಗಳಲ್ಲಿ ಸತ್ತವು 60, ಗಾಯಗೊಂಡವು 83.