ಬಯಲೇ ಚಿತ್ರಶಾಲೆ

ವಯಸ್ಸಿಗೆ ಬಂದ ಮಗ ಒಂದು ಉದ್ಯೋಗದಲ್ಲಿ ನೆಲೆ ನಿಲ್ಲದಿದ್ದರೆ ತಂದೆತಾಯಿಗಳಿಗಾಗುವ ಸಂಕಟ ಎಲ್ಲ ದೇಶಗಳಲ್ಲಿಯೂ ಒಂದೇ. ಹಾಲೆಂಡಿನ ಪಾದ್ರಿಯೊಬ್ಬರ ಹಿರಿಯ ಮಗ ವಿನ್ಸೆಂಟ್ ವ್ಯಾನ್ ಗೋಗ್ ಚಿತ್ರ ಮಾರುವ ಅಂಗಡಿಯಲ್ಲಿ ದುಡಿದ, ಮಕ್ಕಳಿಗೆ ಪಾಠ ಹೇಳಿದ, ಗಣಿಕಾರ್ಮಿಕರ ನಡುವೆ ಧರ್ಮೋಪದೇಶಕ್ಕೂ ನಿಂತ, ಯಾವುದೂ ಕೈಹಿಡಿಯಲಿಲ್ಲ. 1880ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಚಿತ್ರಕಾರನಾಗಲು ನಿಶ್ಚಯಿಸಿದ.

ಚಿತ್ರಾಭ್ಯಾಸದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ತಿದ್ದಿಯೇ ಅವನು ಕಲಿತದ್ದು. ಬಂಧುವಾದ ಆಂಟನ್ ಮೌವ್ ಎಂಬ ಚಿತ್ರಕಾರರಿಂದ ಕೆಲಕಾಲ ಮಾರ್ಗದರ್ಶನ ದೊರೆಯಿತು. 1886ರಲ್ಲಿ ಆಂಟ್‌ವರ್ಪಿನ ಕಲಾಶಾಲೆಗೆ ಸೇರಿದನಾದರೂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಅವನ ನಿಜವಾದ ಪಾಠಶಾಲೆ ಬಯಲು.

1882ರ ಆಗಸ್ಟಿನಲ್ಲಿ ಸ್ಕೆವೆನಿಂಗೆನ್ ಕಡಲತೀರದಲ್ಲಿ ಬಿರುಗಾಳಿಯ ನಡುವೆ ಚಿತ್ರ ಬರೆಯುವಾಗ ಮರಳು ಹಾರಿಬಂದು ಹಸಿ ಬಣ್ಣಕ್ಕೆ ಮೆತ್ತಿಕೊಂಡಿತು. ಕೆರೆದು ತೆಗೆದರೂ ಕೆಲವು ಕಣಗಳು ಉಳಿದೇ ಹೋದವು. ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಮಿಸ್ಟ್ರಾಲ್ ಎಂಬ ಗಾಳಿಯ ಕಾಟ ಇನ್ನೂ ಘೋರ. ಅದಕ್ಕವನು ಉಪಾಯ ಕಂಡುಕೊಂಡಿದ್ದ: ಚಿತ್ರಪೀಠದ ಕಾಲುಗಳನ್ನು ನೆಲಕ್ಕೆ ಚುಚ್ಚಿ, ಪಕ್ಕದಲ್ಲಿ 50 ಸೆಂಟಿಮೀಟರ್ ಉದ್ದದ ಕಬ್ಬಿಣದ ಗೂಟ ಹೊಡೆದು, ಹಗ್ಗದಿಂದ ಬಿಗಿಯುವುದು. ನಮ್ಮ ರೈತರು ಎತ್ತನ್ನು ಗೂಟಕ್ಕೆ ಕಟ್ಟುವಂತೆ ಅವನು ಚಿತ್ರವನ್ನು ಕಟ್ಟಿಹಾಕಿದ! 1889ರ ಒಂದು ಆಲಿವ್ ತೋಪಿನ ಚಿತ್ರ ಅಮೆರಿಕದ ಕಾನ್ಸಾಸ್ ಸಿಟಿಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬಣ್ಣದೊಳಗೆ ಒಣಗಿದ ಮಿಡತೆಯೊಂದರ ತುಣುಕು ಅಡಗಿರುವುದು 2017ರಲ್ಲಿ ಪ್ರಕಟವಾಯಿತು. ಬಣ್ಣದಲ್ಲಿ ಅದು ಒದ್ದಾಡಿದ ಗುರುತಿಲ್ಲ. ಸತ್ತ ಮೇಲೆ ಬಂದು ಅಂಟಿದ್ದೆಂದು ತಜ್ಞರು ಹೇಳಿದರು.

ಇಷ್ಟಕ್ಕೆಲ್ಲ ಬಣ್ಣ, ಬಟ್ಟೆ, ಊಟದ ಖರ್ಚು ಎಲ್ಲಿಂದ ಬಂತು? ತಮ್ಮ ಥಿಯೋನ ಸಂಪಾದನೆಯಿಂದ. ತಮ್ಮ ಹಣ ಕಳುಹಿಸುತ್ತಿದ್ದ, ಅಣ್ಣ ಚಿತ್ರಗಳನ್ನು ಕಳುಹಿಸುತ್ತಿದ್ದ. ಆ ಚಿತ್ರಗಳ ಸೃಷ್ಟಿಯಲ್ಲಿ ತಮ್ಮನಿಗೂ ಪಾಲಿದೆಯೆಂದೇ ಅಣ್ಣನ ನಂಬಿಕೆ. ಇದನ್ನು ದಾನವೆನ್ನಲು ನನ್ನ ಮನಸ್ಸು ಒಪ್ಪದು. ಕಾಯಕವೂ ದಾಸೋಹವೂ ಒಂದೇ ಮನೆಯಲ್ಲಿ ಕೂಡಿದ್ದವೆನ್ನಬೇಕು.

1890ರ ಜುಲೈನಲ್ಲಿ ಮೂವತ್ತೇಳರ ವಿನ್ಸೆಂಟ್ ತೀರಿಕೊಂಡ; ಆರು ತಿಂಗಳಲ್ಲಿ ಥಿಯೋ ಕೂಡ. ಕೈಗೂಸಿನೊಡನೆ ಉಳಿದ ಥಿಯೋನ ಪತ್ನಿ ಜೊಹಾನಾ ನೂರಾರು ಚಿತ್ರಗಳನ್ನು ಕಾಪಾಡಿದರು, ಪ್ರದರ್ಶನಗಳಿಗೆ ಕಳುಹಿಸಿದರು, 1914ರಲ್ಲಿ ಅಣ್ಣ ತಮ್ಮನಿಗೆ ಬರೆದ ಪತ್ರಗಳನ್ನು ಅಚ್ಚು ಮಾಡಿಸಿದರು. ಮರಳು ಮೆತ್ತಿದ ಆ ಕಡಲಿನ ಚಿತ್ರ 2002ರಲ್ಲಿ ಆಮ್‌ಸ್ಟರ್‌ಡಾಮಿನ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2016ರಲ್ಲಿ ಇಟಲಿಯಲ್ಲಿ ಪತ್ತೆಯಾಗಿ, ಮತ್ತೆ ಸ್ವಸ್ಥಾನ ಸೇರಿತು.