ಗಲ್ಲಾದ ಮುಂದಣ ಮಾತು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿರುವ ದೇವರಾಯಸಮುದ್ರದ ಅಂಗಡಿಯಲ್ಲಿ ಹಣ ತೆರುವ ಗಿರಾಕಿಯೊಬ್ಬನು ‘ಎಷ್ಟಾಯಿತು?’ ಎಂದರೆ, ಅವನ ಬೆನ್ನಿಗೆ ನಿಂತವನು ‘ಎಂತ ಅಯಿಂದಿ?’ ಎನ್ನುವನು, ತಮಿಳುಸೀಮೆಯ ಲಾರಿಯವನು ‘ಎವ್ವಳವು ಆಚ್ಚು?’ ಎನ್ನುವನು. ಮೂವರೂ ಬೆಲೆ ಏನೆಂದು ಕೇಳದೆ, ಎಷ್ಟು ‘ಆಯಿತು’ ಎಂದೇ ಕೇಳುತ್ತಾರೆ. ಹಿಂದಕ್ಕೆ ಪಡೆಯುವಾಗ ಮೂರು ನುಡಿಗಳಲ್ಲಿಯೂ ಚಿಲ್ಲರೆ ಚಿಲ್ಲರೆಯೇ. ಆದುದರಿಂದ, ಗಡಿಯ ತಾಲ್ಲೂಕಿನ ಅಂಗಡಿಯಲ್ಲಿ ತೆಲುಗು ಕೇಳಿಸಿತೆಂದು ಹುಬ್ಬು ಗಂಟಿಕ್ಕುವ ಮಿತ್ರರೊಡನೆ ನಾವು ಸಹಮತರಲ್ಲ.

ಕನ್ನಡಿಗರೊಳಗೇ ಈ ಮಾತು ಒಂದೇ ಬಗೆಯದಲ್ಲ. ಮೈಸೂರಿನ ದುಡ್ಡು ಧಾರವಾಡದಲ್ಲಿ ರೊಕ್ಕವಾಗುವುದು. ಅಲ್ಲಿಯವರು ‘ಎಷ್ಟಾತ್ರೀ’ ಎಂದು ಮರ್ಯಾದೆಯನ್ನು ಕ್ರಿಯಾಪದದ ಬಾಲಕ್ಕೇ ಕಟ್ಟುವರು. ಇಲ್ಲಿ ‘ಸ್ವಾಮಿ’, ‘ಅಣ್ಣ’ ಎಂದು ಬೇರೆ ಮಾತು ಕೂಡಿಸಬೇಕು. ಅಲ್ಲಿಯ ಉದ್ದರಿಯು ಇಲ್ಲಿ ಸಾಲ. ‘ಬರೆದುಕೊಳ್ಳಿ’ ಎಂದಷ್ಟೇ ಹೇಳಿ ಸಾಲವೆಂಬ ಶಬ್ದವನ್ನೇ ನುಂಗಿಬಿಡುವ ಜಾಣರೂ ಉಂಟು. ಆಣೆಯ ಲೆಕ್ಕವು 1957ರ ಏಪ್ರಿಲ್ 1ರಂದು ದಶಮಾಂಶಕ್ಕೆ ಎಡೆಗೊಟ್ಟಿತು. 25 ಪೈಸೆಯ ನಾಣ್ಯವು 2011ರಲ್ಲಿ ಚಲಾವಣೆ ತಪ್ಪಿತು. ‘ನಾಲ್ಕಾಣೆ’ ಮಾತ್ರ ಹಿರಿಯರ ನಾಲಗೆಯಲ್ಲಿ ಇನ್ನೂ ಚಲಾವಣೆಯಲ್ಲಿದೆ.

ನಮ್ಮ ಚಿಂತೆ ಬೇರೆ. 2016ರಲ್ಲಿ ಯುಪಿಐ ಪದ್ಧತಿಯು ಬಂದಂದಿನಿಂದ ಗಿರಾಕಿಯು ಫೋನನ್ನು ಹಿಡಿದು ಹಣ ಕಳುಹಿಸಿ ಮಾತಿಲ್ಲದೆ ನಡೆಯಬಹುದಾಗಿದೆ. ಗಲ್ಲಾದ ಮೇಲಣ ಪುಟ್ಟ ಪೆಟ್ಟಿಗೆಯು ಇಂತಿಷ್ಟು ಬಂದಿತೆಂದು ಕೂಗಿ ಹೇಳುವುದು. ಎಷ್ಟೋ ಅಂಗಡಿಗಳಲ್ಲಿ ಹಿಂದಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಇದನ್ನು ಬರಿಯ ಅಭಿಮಾನದ ಪ್ರಶ್ನೆಯೆಂದು ಅಧಿಕಾರಿವರ್ಗದವರು ತಳ್ಳಿಹಾಕಬಾರದು. ಅಕ್ಷರವರಿಯದ ಸೊಪ್ಪಿನ ಮುದುಕಿಗೆ ಆ ಕೂಗೇ ರಸೀದಿ. ‘ಫಿಫ್ಟಿ’ ಎಂದಿತೋ ‘ಫಿಫ್ಟೀನ್’ ಎಂದಿತೋ ಎಂದು ಆಕೆ ದಾರಿಹೋಕರನ್ನು ಕೇಳಬೇಕೆ? ಮೂವತ್ತೈದು ರೂಪಾಯಿಯ ವ್ಯತ್ಯಾಸವು ಆಕೆಯ ಬುಟ್ಟಿಯಲ್ಲಿ ಸಣ್ಣದಲ್ಲ.

ಈ ಪೆಟ್ಟಿಗೆಗಳು ಕನ್ನಡವನ್ನೂ ನುಡಿಯಬಲ್ಲವು, ನುಡಿಸುವವರು ಬೇಕು. ಪೆಟ್ಟಿಗೆಯನ್ನು ತಂದಿಡುವ ಕಂಪೆನಿಯವರೂ ಬ್ಯಾಂಕಿನವರೂ ಮೊದಲ ದಿನವೇ ವ್ಯಾಪಾರಿಯನ್ನು ಯಾವ ಭಾಷೆಯೆಂದು ಕೇಳಲಿ. ಕೇಳುವವರೆಗೆ ಅದು ಕನ್ನಡದಲ್ಲಿರಲಿ. ಮುದುಕಿಯ ಮನೆಮಾತು ತೆಲುಗಾಗಿದ್ದು ಆಕೆ ತೆಲುಗನ್ನೇ ಬಯಸಿದರೆ ಹಾಗೆಯೇ ಮಾಡಿಕೊಡಲಿ. ಮುಳಬಾಗಿಲಿನ ಸಂತೆಯಲ್ಲಿ ಇದನ್ನು ಪರೀಕ್ಷಿಸಲು ಅಧಿಕಾರಿಗಳಿಗೆ ಅರ್ಧ ದಿನ ಸಾಕು.